ಆ ಭಾನುವಾರ ಹಾರ್ನ್ ಹಾಕಿತ್ತೇ

ಅಥವಾ ಹಾರ್ನ್ ಹಾಕಿರಲೇ ಇಲ್ಲವೇನೋ. ಹೆಂಡತಿ ಹಾಗೇ ಹೇಳುತ್ತಾಳೆ. ನನ್ನ ಕಿವಿಯಲ್ಲಿ ಮಾತ್ರ ಆ ದನಿ ಎರಡು ಸಲ ಕೇಳಿಸುತ್ತದೆ: ಒಮ್ಮೆ ಚಾಪೆಯ ಮೇಲೆ ಕೂತ ಹೆಂಗಸಿನ ಗಂಟಲಿನಿಂದ, ಇನ್ನೊಮ್ಮೆ, ತುಸು ತಡವಾಗಿ, ಹೊರಗಿನ ರಸ್ತೆಯಿಂದ, ತಗಡಿನ ದನಿಯಾಗಿ. ಹೀಗೆ ಎರಡು ಸಲ ಕೇಳಿಸಬೇಕಾದರೆ ಚಾವಣಿಯ ಮೇಲಿನ ಧ್ವನಿವರ್ಧಕದ ಹಾರ್ನ್ ಕೆಲಸ ಮಾಡುತ್ತಿರಲೇಬೇಕು. ಆದರೆ ಆ ಚರ್ಚಿನಲ್ಲಿ ನಾವು ಕಳೆದ ಭಾನುವಾರಗಳಲ್ಲಿ ಹಾರ್ನ್ ಹಾಕಿದವೂ ಇದ್ದವು, ಹಾಕದವೂ ಇದ್ದವು. ಯಾವುದೋ ಕ್ರಿಸ್ಮಸ್ ಬೆಳಗಿನ ಪ್ರತಿಧ್ವನಿಯನ್ನು ತಂದು ಈ ಭಾನುವಾರಕ್ಕೆ ನಾನು ಅಂಟಿಸಿರಬಹುದು. ನೆನಪಿಗೆ ಅಂಥ ಕೆಲಸದಲ್ಲಿ ನಾಚಿಕೆಯಿಲ್ಲ.

"ಏಮಂಡೀ, ಬರೆಯೋದಾದ್ರೆ ಇದನ್ನೂ ಬರೀರಿ," ಅನ್ನುತ್ತಾಳೆ ಹೆಂಡತಿ. "ನೀವು ಗಂಡಸರ ಕಡೆ ಗೋಡೆಗೆ ಒರಗಿ ಕೂತಿದ್ರಿ. ನಾನು ಪೆದ್ದಮ್ಮನ ಪಕ್ಕದಲ್ಲೇ ಇದ್ದೆ. ನಂಗೆ ಹಾರ್ನ್ ಕೇಳಿಸಲಿಲ್ಲ. ಬರೆದ್ರಾ?"

ಬರೆದಿದ್ದೇನೆ.

ಅದು ಕಾರ್ಗಿಲ್ ಗುಡ್ಡಗಳಲ್ಲಿ ಯುದ್ಧ ನಡೆಯುತ್ತಿದ್ದ ಬೇಸಿಗೆ, 1999. ನಾನು ಗದಗಿನ ಕಡೆಯವನು. ಬ್ಯಾಂಕಿನವರು ವರ್ಗ ಮಾಡಿ ವಿಶಾಖಪಟ್ಟಣಕ್ಕೆ ಹಾಕಿದ್ದರು, ಗಾಜುವಾಕದ ಶಾಖೆ. ಹೆಂಡತಿಯ ತವರು ವಿಜಯವಾಡ, ಅವಳ ತಾಯಿ ಬಳ್ಳಾರಿಯವರು. ಅವಳ ಕನ್ನಡ ತೆಲುಗಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವ ಕನ್ನಡ. ನಾವು ಮಹಡಿಯ ಮೇಲೆ ಬಾಡಿಗೆಗಿದ್ದೆವು, ಕೆಳಗೆ ಮನೆಯೊಡತಿ. ಅವರ ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು, ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಸೈನ್ಯದಲ್ಲಿದ್ದ. ಅವನ ದಳವನ್ನು ಗುಡ್ಡದ ಮೇಲಕ್ಕೆ ಕಳಿಸಿದ್ದಾರೆಂದು ಅವನ ಜೊತೆಯವನೊಬ್ಬ ಎದುರಿನ ಟೀ ಅಂಗಡಿಗೆ ಫೋನು ಮಾಡಿ ಹೇಳಿದ್ದ. ಆಮೇಲೆ ಸುದ್ದಿಯಿಲ್ಲ. ಹೆಂಡತಿ ಅವರನ್ನು ಪೆದ್ದಮ್ಮ ಎಂದು ಕರೆಯುತ್ತಿದ್ದಳು, ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ದೊಡ್ಡಮ್ಮ ಎಂದರ್ಥ.

ಸಂಜೆ ಟೀವಿಯಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಪೆದ್ದಮ್ಮ ಮೇಲೆ ಬರುತ್ತಿದ್ದರು. ಬಂದು ಟೀವಿಗೆ ಬೆನ್ನು ಹಾಕಿ ಕೂರುತ್ತಿದ್ದರು. ತೊಡೆಯ ಮೇಲೆ ಚವಳಿಕಾಯಿಯ ಮೊರ. "ನಾನು ನೋಡಲ್ಲ, ನೀವು ನೋಡಿ ಹೇಳಿ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಪೆಟ್ಟಿಗೆಗಳು ವಿಮಾನದಿಂದ ಇಳಿಯುವುದನ್ನು ತೋರಿಸುವಾಗ ಅವರ ಕೈ ನಿಲ್ಲುತ್ತಿತ್ತು.

"ಯಾವ ಊರಂತಮ್ಮಾ?"

ಹೆಂಡತಿ ಊರು ಹೇಳುತ್ತಿದ್ದಳು. ದೂರದ ಊರಾದರೆ ಕೈ ಮತ್ತೆ ನಾರು ತೆಗೆಯಲು ಶುರುಮಾಡುತ್ತಿತ್ತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಸ್ಪಷ್ಟತೆಯ ಮೇಲೇ ನನಗೆ ಅನುಮಾನ. ನಾನು ಅಷ್ಟು ಹೊತ್ತಿಗೆ ಬ್ಯಾಂಕಿನಿಂದ ಬರುತ್ತಿದ್ದ ದಿನಗಳು ಕಡಿಮೆ.

ನಮ್ಮ ಚರ್ಚು ಎರಡು ಗಲ್ಲಿಯಾಚೆ ಇತ್ತು. ಸಿಮೆಂಟು ಶೀಟಿನ ಚಾವಣಿ, ನೆಲದ ಮೇಲೆ ಚಾಪೆ, ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು, ಚಪ್ಪಲಿ ಹೊರಗೆ. ಉಕ್ಕಿನ ಕಾರ್ಖಾನೆಯವರು, ಬಂದರಿನವರು, ಹಡಗು ರಿಪೇರಿಯ ಯಾರ್ಡಿನವರು ಬರುತ್ತಿದ್ದರು. ಪಾದ್ರಿಯನ್ನು ಅಲ್ಲಿ ಅಯ್ಯಗಾರು ಅನ್ನುತ್ತಾರೆ. ನಮ್ಮ ಅಯ್ಯಗಾರು ಮೊದಲು ಸೈನ್ಯದಲ್ಲಿದ್ದವರು, 1971ರ ಯುದ್ಧ ನೋಡಿದವರು. ಎಡಗಿವಿ ಅಲ್ಲೇ ಹೋಗಿತ್ತು. ಯಾರಾದರೂ ಮಾತಾಡಿಸಿದರೆ ಬಲಗಿವಿ ಮುಂದೆ ಮಾಡಿ ಇಡೀ ಮೈ ತಿರುಗಿಸುತ್ತಿದ್ದರು. ಹೊಸಬರಿಗೆ ಅದು ಬಹಳ ಮರ್ಯಾದೆಯಂತೆ ಕಾಣುತ್ತಿತ್ತು.

ಅವರು ಪ್ರಾರ್ಥನೆ ಮಾಡುವ ಕ್ರಮ ಹೀಗಿತ್ತು: ಉಪದೇಶ ಮುಗಿದ ಮೇಲೆ ಕಣ್ಣುಮುಚ್ಚಿ ಒಂದೊಂದೇ ಹೆಸರು ಹೇಳುವರು. ಕಾಯಿಲೆಯವರು, ಬಸುರಿಯರು, ಕೆಲಸ ಹುಡುಕುತ್ತಿರುವವರು, ಹಡಗಿನ ಮೇಲೆ ಹೋದವರು. ಸೈನ್ಯದ ಹಾಜರಿ ಕೂಗಿದಂತೆ. ಒಂದೊಂದು ಹೆಸರಿಗೂ ನಾವು ಆಮೆನ್ ಅನ್ನಬೇಕು. ಹೆಸರಿನವರು ಯಾರು, ಏನು ಕಷ್ಟ ಎಂದು ಕೇಳುವ ಪದ್ಧತಿ ಆ ಸಭೆಯಲ್ಲಿರಲಿಲ್ಲ. ಕೇಳುವುದು ಬಾಯಿಚಪಲ ಅನ್ನಿಸಿಕೊಳ್ಳುತ್ತಿತ್ತು. ಹೆಸರು ಬಂತು, ಆಮೆನ್ ಅಂದೆವು, ಮುಗಿಯಿತು.

ಆ ಹಾಜರಿಯ ಕೊನೆಯಲ್ಲಿ ಯಾವಾಗಲೂ ಒಂದು ಮುಸ್ಲಿಂ ಹೆಸರು ಬರುತ್ತಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ನನಗದು ಸರಿಯಾಗಿ ನೆನಪಿದೆಯೆಂಬ ನಂಬಿಕೆಯೂ ಇಲ್ಲ. ಆ ಹೆಸರಿನ ಬಗ್ಗೆ ಒಬ್ಬೊಬ್ಬರೂ ಒಂದೊಂದು ಕಟ್ಟಿಕೊಂಡಿದ್ದರು. ಚರ್ಚಿನ ಕಾರ್ಯದರ್ಶಿ, ಯಾರ್ಡಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಅದು ವಿಜಯವಾಡದ ಆಸ್ಪತ್ರೆಯಲ್ಲಿ ಅಯ್ಯಗಾರಿಗೆ ಪರಿಚಯವಾದ ರೋಗಿ ಎಂದುಕೊಂಡಿದ್ದರು. ನನ್ನ ಹೆಂಡತಿಯ ಪ್ರಕಾರ ಅಯ್ಯಗಾರು ಚಿಕ್ಕವರಿದ್ದಾಗ ಕಾಲುವೆಗೆ ಬಿದ್ದದ್ದನ್ನು ನೋಡಿ ಎತ್ತಿದ ಪುಣ್ಯಾತ್ಮ. ಪೆದ್ದಮ್ಮನ ಲೆಕ್ಕದಲ್ಲಿ ಅವನು ಕ್ಷಯರೋಗಿ. ಒಮ್ಮೆ ಮಾತ್ರ ಅವರು ಪದ್ಧತಿ ಮುರಿದು ಕೇಳಿದ್ದರಂತೆ: "ಅಯ್ಯಗಾರೂ, ಅವರಿಗೆ ಈಗ ಹೇಗಿದೆ?"

"ದೇವರಿಗೇ ಗೊತ್ತಮ್ಮಾ," ಎಂದಿದ್ದರು ಅಯ್ಯಗಾರು.

ಆ ಉತ್ತರದಿಂದ ಕಾಯಿಲೆ ಬಲವಾಗಿದೆ ಎಂದುಕೊಂಡು ಪೆದ್ದಮ್ಮ ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರಗಳಂದು ಆ ಮನುಷ್ಯನಿಗಾಗಿ ಉಪವಾಸವಿದ್ದರು.

ಜೂನ್ ತಿಂಗಳ ಒಂದು ಭಾನುವಾರ ದೇಶಕ್ಕಾಗಿ ವಿಶೇಷ ಪ್ರಾರ್ಥನೆ ಇಡಬೇಕೆಂದು ಕಮಿಟಿ ನಿಶ್ಚಯಿಸಿತು. ಹಾರ್ನನ್ನು ನಾವು ಕ್ರಿಸ್ಮಸ್ಸಿಗೂ ಈಸ್ಟರ್ ಬೆಳಗಿಗೂ ಮಾತ್ರ ಹಾಕುತ್ತಿದ್ದದ್ದು. ಈ ಸಲ ಹಾಕೋಣವೆಂದವರು ಕಾರ್ಯದರ್ಶಿ. "ನಾವೂ ದೇಶಕ್ಕೋಸ್ಕರ ಬೇಡ್ಕೋತೀವಿ ಅಂತ ಬಜಾರಿಗೆ ಹೇಗೆ ಗೊತ್ತಾಗ್ಬೇಕು? ಒಳಗೆ ಕೂತು ಗುಸುಗುಸು ಅಂದ್ರೆ ಇನ್ನೇನೋ ಅಂದ್ಕೋತಾರೆ." ಅವರೇ ಏಣಿ ಹತ್ತಿ ಹಾರ್ನಿನ ಬಾಯನ್ನು ಬಜಾರಿನ ಕಡೆ ತಿರುಗಿಸಿದರು. ಒಳಗೆ ಕಾಗದದ ರಾಷ್ಟ್ರಧ್ವಜಗಳ ತೋರಣ ಕಟ್ಟಿದರು. ಅದನ್ನು ನೋಡಿ ಅಯ್ಯಗಾರು ಬೇಡವೆನ್ನಲಿಲ್ಲ. ಒಂದು ಧ್ವಜ ತಲೆಕೆಳಗಾಗಿತ್ತು, ಸ್ಟೂಲ್ ಹಾಕಿಕೊಂಡು ಅದನ್ನು ಸರಿಮಾಡಿದರು.

ಪ್ರಾರ್ಥನೆ ಬಹಳ ಚೆನ್ನಾಗಿ ನಡೆಯಿತು. ರಾಷ್ಟ್ರಪತಿ, ಪ್ರಧಾನಿ, ಮೂರೂ ಸೇನೆಗಳು. ಆಮೇಲೆ ಸಭೆಯ ಮನೆಗಳಿಂದ ಸೇನೆಗೂ ನೌಕಾಪಡೆಗೂ ಹೋದವರ ಹೆಸರುಗಳು. ಪೆದ್ದಮ್ಮನ ಮಗನ ಹೆಸರು ಬಂದಾಗ ಆಮೆನ್ ಚಾವಣಿಗೆ ತಾಗಿತು. ಆಮೇಲೆ ಕೊನೆಯ ಆ ಹೆಸರು. ಅದಕ್ಕೂ ಆಮೆನ್ ಅಂದೆವು. ಯಾವತ್ತೂ ಅಲ್ಲಿಗೆ ನಿಲ್ಲಿಸುತ್ತಿದ್ದ ಅಯ್ಯಗಾರು ಅವತ್ತು ಮುಂದುವರಿಸಿದರು: ಅವನ ಮಕ್ಕಳೇನಾದರೂ ಗುಡ್ಡದ ಆಚೆ ಕಡೆ ಬಂದೂಕು ಹಿಡಿದು ನಿಂತಿದ್ದರೆ, ಪ್ರಭುವೇ, ಅವರನ್ನೂ ತಾಯಿಯ ಹತ್ತಿರ ಮುಟ್ಟಿಸು.

ಅಭ್ಯಾಸಬಲದಿಂದ ಆಮೆನ್ ಹೊರಟೇಬಿಟ್ಟಿತ್ತು. ಅರ್ಥ ಅದರ ಹಿಂದಿನಿಂದ ಬಂತು. ಹೊರಗೆ ಹಾರ್ನು ಅಷ್ಟನ್ನೂ ಬಜಾರಿಗೆ ಹೇಳಿ ಮುಗಿಸಿತ್ತು.

ಅವತ್ತು ಹಾರ್ನ್ ಹಾಕಿತ್ತೆಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನಮ್ಮ ಜಗಳವೆಲ್ಲ ಅದರ ಮುಂದಿನ ಭಾನುವಾರದ್ದು. ಚಪ್ಪಲಿ ಹುಡುಕುತ್ತ ಹೊರಗೆ ಬಂದಾಗ ಟೀ ಅಂಗಡಿಯವನು ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ ಗೇಟಿನ ಹತ್ತಿರ ನಿಂತಿದ್ದ.

"ಏಮಯ್ಯಾ ಸೆಕ್ರೆಟರೀ, ನಿಮ್ಮ ದೇವರು ಯಾವ ರೆಜಿಮೆಂಟು?"

ಕಾರ್ಯದರ್ಶಿ ನಗಲು ನೋಡಿದರು, ಆಗಲಿಲ್ಲ. ತಿರುಗಿ ಅಯ್ಯಗಾರ ಬಲಗಿವಿಯ ಕಡೆಗೆ ಹೋಗಿ ನಿಂತರು. "ಯಾರಯ್ಯಗಾರೂ ಅವರು? ಇಷ್ಟು ವರ್ಷ ಆಮೆನ್ ಅಂದ್ವಲ್ಲ, ಯಾರು?"

"ಕೈದಿ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ನನ್ನನ್ನು ಉತ್ತರದ ಕಡೆ ಒಂದು ಕ್ಯಾಂಪಿಗೆ ಕಾವಲಿಗೆ ಹಾಕಿದ್ರು. ಅಲ್ಲಿದ್ದ."

"ಆ ಕಡೆಯ ಸಿಪಾಯಿಯಾ?"

"ಸಿಪಾಯೀನೇ. ಸಂಜೆ ಅವರಿಗೆ ವಾಲಿಬಾಲ್ ಆಡೋಕೆ ಬಿಡ್ತಿದ್ರು. ನಾನು ರೆಫರಿ. ಬಾಲು ಗೆರೆಯ ಒಳಗೆ ಬಿತ್ತು ಅಂತ ಅವನು, ಹೊರಗೆ ಅಂತ ನಾನು. ದಿನಾ ಜಗಳ."

"ಅಷ್ಟೇನಾ?"

"ಅಷ್ಟೇ. ಅವನ ಹೆಸರು ಬಿಟ್ರೆ ಆ ಕಡೆಯವರ ಬೇರೆ ಹೆಸರು ನಂಗೆ ಗೊತ್ತಿಲ್ಲ. ವೈರಿಗಳು ಅಂತ ಸುಮ್ನೆ ಅಂದ್ರೆ ಪ್ರಾರ್ಥನೆ ಮಾಡೋಕೆ ಬಾಯಿ ಬರಲ್ಲ. ಒಂದು ಹೆಸರು ಬೇಕಲ್ಲ."

ಪೆದ್ದಮ್ಮ ಅಲ್ಲೇ ಕಂಬ ಹಿಡಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ನಾನು ಅವನಿಗೋಸ್ಕರ ಉಪವಾಸ ಇದ್ದೆ," ಅಂದರು. ಯಾರ ಕಡೆಗೂ ನೋಡಿ ಅಂದದ್ದಲ್ಲ. ತಲೆಯ ಮೇಲಿನ ಸೆರಗು ತೆಗೆಯದೆ ಹಾಗೇ ಬೀದಿಯಲ್ಲಿ ಮನೆಗೆ ನಡೆದರು. ಆ ಸಂಜೆ ವಾರ್ತೆಗೆ ಮೇಲೆ ಬರಲಿಲ್ಲ.

ಎರಡು ದಿನ ಬಿಟ್ಟು ಸಬ್ ಇನ್ಸ್‌ಪೆಕ್ಟರು ಬಂದರು. ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಬಂದದ್ದು ಒಳ್ಳೆಯತನವೋ, ಗಲ್ಲಿ ಕಿರಿದಾಗಿತ್ತೋ. ಕಮಿಟಿಯಲ್ಲಿ ಓದಿ ಬರೆಯುವ ಕೆಲಸ ನನ್ನದಾದ್ದರಿಂದ ನನ್ನನ್ನೂ ಕರೆಸಿದ್ದರು. ಇನ್ಸ್‌ಪೆಕ್ಟರು ಕುರ್ಚಿಯ ತುದಿಯಲ್ಲಿ ಕೂತರು.

"ಅಯ್ಯಗಾರೂ, ನೀವು ಯುದ್ಧ ಮಾಡಿ ಬಂದವರು. ದೇಶಭಕ್ತಿಯ ಬಗ್ಗೆ ನಿಮಗೆ ನಾನು ಏನು ಹೇಳ್ಲಿ? ಆದ್ರೆ ಬಜಾರಿನವರು ಬಂದು ಕೇಳಿದ್ರೆ ನಾನು ಉತ್ತರ ಹೇಳ್ಬೇಕಲ್ಲ. ಯಾರೋ ಒಬ್ಬ ಕಲ್ಲೆಸೆದ್ರೆ ಆಮೇಲೆ ಎಲ್ಲಾರಿಗೂ ತೊಂದರೆ. ಆ ಹೆಸರು ಬಿಟ್ಬಿಡಿ. ಮನಸ್ಸಿನಲ್ಲಿ ಹೇಳ್ಕೊಳ್ಳಿ. ಮನಸ್ಸು ನನ್ನ ಸ್ಟೇಷನ್ನಿನ ಎಲ್ಲೆಯೊಳಗೆ ಬರಲ್ಲ."

ಅಯ್ಯಗಾರು ನಕ್ಕರು. "ಮನಸ್ಸಿನಲ್ಲಿ ಹೇಳ್ಕೊಂಡ್ರೆ ಅದು ನನ್ನೊಬ್ಬನದಾಗುತ್ತೆ ಸಾರ್. ಸಭೆಯದಾಗಲ್ಲ."

"ಸಭೆ ಏನನ್ನುತ್ತೆ?"

ಉತ್ತರ ಕೊಟ್ಟವರು ಕಾರ್ಯದರ್ಶಿ. "ನಮ್ಮಲ್ಲಿ ಯುದ್ಧದ ಜಾಗದಲ್ಲೇ ಮಗ ಇರೋದು ಪೆದ್ದಮ್ಮನಿಗೆ ಒಬ್ರಿಗೇ. ಅವರು ಏನಂದ್ರೆ ಅದು."

ಹೀಗೆ ಇಡೀ ಸಭೆಯ ಭಾರ ಒಬ್ಬ ಹೆಂಗಸಿನ ಮೇಲೆ ಬಿತ್ತು. ಅವರು ಬೇಡ ಅಂದರೆ ಅಯ್ಯಗಾರು ಹೆಸರು ಬಿಡಬೇಕು. ಬಿಡುವವರಲ್ಲ, ಹಾಗಾಗಿ ಊರು ಬಿಡಬೇಕು. ಪಾದ್ರಿಗಳನ್ನು ಕಳಿಸುವ, ಬದಲಿಸುವ ಹಿರಿಯರ ಮಂಡಳಿ ವಿಜಯವಾಡದಲ್ಲಿತ್ತು. ಅದರಲ್ಲಿ ನನ್ನ ಮಾವನೂ ಇದ್ದರು. ಮುಂಚಿತವಾಗಿ ಹೇಳಿಬರೋಣವೆಂದು ಕಾರ್ಯದರ್ಶಿ ನನ್ನನ್ನು ಕರೆದುಕೊಂಡು ದುವ್ವಾಡದಲ್ಲಿ ರೈಲು ಹತ್ತಿದರು.

ರೈಲಿನಲ್ಲಿ ತುನಿ ದಾಟಿದ ಮೇಲಿರಬೇಕು, ಕಾರ್ಯದರ್ಶಿ ಅಂದರು: "ಯಾರ್ಡಿನ ಗೇಟಿನಲ್ಲಿ ದಿನಾ ಪಾಸ್ ತೋರಿಸ್ತೀನಿ ಮ್ಯಾನೇಜರ್ ಗಾರೂ. ಇಷ್ಟು ವರ್ಷ ಆ ಗೇಟಿನವ ನನ್ನ ಮುಖ ನೋಡ್ತಿದ್ದ, ಪಾಸ್ ನೋಡ್ತಿರಲಿಲ್ಲ. ನಿನ್ನೆ ಪಾಸ್ ತಗೊಂಡು ಹೆಸರು ಓದಿದ. ಓದಿ ವಾಪಸ್ ಕೊಟ್ಟ. ಏನೂ ಅನ್ನಲಿಲ್ಲ, ಪಾಪ. ಆದ್ರೆ ಓದಿದ." ನಾನು ಮ್ಯಾನೇಜರ್ ಆಗಿರಲಿಲ್ಲ, ಬರೀ ಆಫೀಸರು. ಅವರಿಗೆ ಬ್ಯಾಂಕಿನ ಟೈ ಕಟ್ಟಿದವರೆಲ್ಲ ಮ್ಯಾನೇಜರೇ. ಅವತ್ತು ತಿದ್ದಲಿಲ್ಲ.

ವಿಜಯವಾಡದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮಾವ ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ಹಜಾರದ ನೆಲಕ್ಕೆ ನೀರು ಚೆಲ್ಲಿಕೊಂಡು ಬನಿಯನ್ನಿನಲ್ಲಿ ಕೂತಿದ್ದರು. ಮಜ್ಜಿಗೆ ಬಂತು. ಎಲ್ಲವನ್ನೂ ಕೇಳಿದರು. ಕಾರ್ಯದರ್ಶಿ ದೇಶಭಕ್ತಿಯ ಮಾತು ತೆಗೆದಾಗ ಕೈಯೆತ್ತಿ ನಿಲ್ಲಿಸಿದರು.

"ಮಿಲಿಟರಿ ಸ್ಪೆಷಲ್ ಗಾಡಿಗಳಿಗೆ ಗಾರ್ಡಾಗಿ ಹೋಗಿದ್ದೀನಿ. ಆ ಮಕ್ಕಳೆಲ್ಲ ಕಿಟಕಿಯಲ್ಲಿ ತಲೆಹಾಕಿ ಹಾಡು ಹೇಳ್ತಿದ್ರು. ಹಸಿರು ಬಾವುಟ ಬೀಸಿ ಕಳಿಸಿದ್ದು ಈ ಕೈಯೇ. ಅದಕ್ಕಿಂತ ಜಾಸ್ತಿ ನಂಗೆ ಬರಲ್ಲ. ಅಲ್ಲುಡುಗಾರೂ, ನೀವೇನಂತೀರಿ?"

ಅಳಿಯನನ್ನು ಅವರು ಹಾಗೆ ಗೌರವ ಹಚ್ಚಿಯೇ ಕರೆಯುತ್ತಿದ್ದರು. ನಾನು ನನ್ನ ಅಜ್ಜಿಯ ಕತೆ ಹೇಳಿದೆ. ನಮ್ಮ ಊರಿನ ಚರ್ಚು ಜರ್ಮನ್ ಪಾದ್ರಿಗಳು ಕಟ್ಟಿಸಿದ್ದು. ಮೊದಲನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರದವರು ಅಲ್ಲಿದ್ದ ಜರ್ಮನ್ ಪಾದ್ರಿಯನ್ನು ಶತ್ರುದೇಶದವನೆಂದು ಹಿಡಿದುಕೊಂಡು ಹೋದರು. ಅದುವರೆಗೆ ಪ್ರತಿ ಭಾನುವಾರ ಅವನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದ ಸಭೆ ಈಗ ರಾಜ ಜಾರ್ಜನ ಜಯಕ್ಕಾಗಿ ಪ್ರಾರ್ಥಿಸಬೇಕಾಯಿತು. ಅಂದರೆ ತಮಗೆ ಅಕ್ಷರ ಕಲಿಸಿದವನ ಸೋಲಿಗಾಗಿ. ಅವನ ಹೆಸರು ಹೇಳುವಂತಿರಲಿಲ್ಲ, ಹಿಂದಿನ ಬೆಂಚಿನಲ್ಲಿ ಒಬ್ಬ ಅಧಿಕಾರಿ ಕೂತಿರುತ್ತಿದ್ದ. ಹೆಸರು ಬರಬೇಕಾದ ಜಾಗ ಬಂದಾಗ ಪಾದ್ರಿಯ ಬದಲಿಗೆ ನಿಂತ ಉಪದೇಶಿ ತುಸು ನಿಲ್ಲುತ್ತಿದ್ದನಂತೆ, ಆಗ ಸಭೆಯೆಲ್ಲ ಕೆಮ್ಮುತ್ತಿತ್ತಂತೆ. ಅಜ್ಜಿಯ ತಾಯಿ ಕೆಮ್ಮಿದವರಲ್ಲಿ ಒಬ್ಬಳು.

ಮಾವ ಮಜ್ಜಿಗೆ ಲೋಟ ಕೆಳಗಿಟ್ಟರು. "ಚೆನ್ನಾಗಿದೆ. ಆದ್ರೆ ಕೆಮ್ಮಿದವರಿಗೆ ಹಾರ್ನ್ ಇರಲಿಲ್ಲ."

ಈಗ ಯೋಚಿಸಿದರೆ ಈ ಅಜ್ಜಿಯ ಕತೆಯೇ ನನಗೆ ಹೆಚ್ಚು ಅನುಮಾನದ್ದು. ಪಾದ್ರಿಯನ್ನು ಹಿಡಿದುಕೊಂಡು ಹೋದದ್ದು ಊರಿಗೆಲ್ಲ ಗೊತ್ತಿದ್ದ ಮಾತು. ಕೆಮ್ಮು ಮಾತ್ರ ಅಜ್ಜಿ ಹೇಳಿದ್ದೋ, ಮಾವನ ಹಜಾರದಲ್ಲಿ ಏನಾದರೂ ಹೇಳಬೇಕಲ್ಲ ಎಂದು ನನ್ನ ಬಾಯಿಂದ ಆಗಷ್ಟೇ ಹುಟ್ಟಿದ್ದೋ. ಹಿಂದಿನ ಬೆಂಚಿನ ಅಧಿಕಾರಿಯಂತೂ ನಮ್ಮ ಸಬ್ ಇನ್ಸ್‌ಪೆಕ್ಟರ ಮುಖ ಹೊತ್ತುಕೊಂಡಿದ್ದಾನೆ. ಮುಂದಿನ ಭಾನುವಾರ ನಡೆದದ್ದನ್ನು ಕಂಡ ಮೇಲೆ ನಾನು ಅವನನ್ನು ಹಿಂದಕ್ಕೆ, ಗದಗಿಗೆ, ಒಯ್ದು ಕೂರಿಸಿರಬಹುದು. ನನ್ನ ತಮ್ಮನನ್ನು ಕೇಳಿದೆ. ಅಜ್ಜಿಯ ಕೆಮ್ಮಿನ ಬಗ್ಗೆ ಅವನಿಗೆ ನೆನಪಿರುವುದು ಆಕೆಗೆ ಉಬ್ಬಸವಿತ್ತು ಎಂಬುದಷ್ಟೆ.

ಮಾವ ಕೊನೆಗೆ ಹೇಳಿದ್ದು: "ಆ ತಾಯಿಗೆ ಬೇಡವಾದ್ರೆ ಅಯ್ಯಗಾರನ್ನ ಬೇರೆ ಕಡೆ ಹಾಕ್ತೀವಿ. ಅವಳ ನೋವಿನ ಮೇಲೆ ನಿಂತು ನಾವು ಧರ್ಮ ಹೇಳಕ್ಕಾಗಲ್ಲ. ಆದ್ರೆ ಯಾರೂ ಹೋಗಿ ಅವಳ ಕಿವಿ ಊದಬೇಡಿ. ಭಾನುವಾರ ಅವಳೇ ಹೇಳಲಿ." ನಮ್ಮನ್ನು ಸ್ಟೇಷನ್ನಿನವರೆಗೆ ಬಿಡಲು ಬಂದು, ಗಾಡಿ ಹೊರಡುವಾಗ ರೂಢಿಯಂತೆ ಬಲಗೈ ಎತ್ತಿ ಆಡಿಸಿದರು. ಕೈಯಲ್ಲಿ ಬಾವುಟವಿರಲಿಲ್ಲ.

ಶನಿವಾರ ಪೆದ್ದಮ್ಮ ಮೇಲೆ ಬಂದರು. ಇದು ಹೆಂಡತಿಯ ನೆನಪು, ನಾನಿರಲಿಲ್ಲ. ಟೀವಿಗೆ ಬೆನ್ನು ಹಾಕಿ ಕೂತರು. ಮೊರ ತಂದಿರಲಿಲ್ಲ. ವಾರ್ತೆ ಮುಗಿಯುವ ತನಕ ಊರು ಕೇಳಲಿಲ್ಲ. ಮುಗಿದ ಮೇಲೆ ಕೇಳಿದರು:

"ಆ ಕಡೆಯವರ ಟೀವಿಯಲ್ಲೂ ಹೀಗೇ ಊರು ಹೇಳ್ತಾರೇನಮ್ಮಾ?"

"ಹೇಳ್ತಾರೇನೋ ಪೆದ್ದಮ್ಮಾ."

"ಹೇಳದಿದ್ರೆ ಆ ತಾಯಂದಿರಿಗೆ ಹೇಗೆ ಗೊತ್ತಾಗುತ್ತೆ?" ಅಂದು ಎದ್ದುಹೋದರು. ಅವರು ಹೆಸರಿನ ಪರವೋ ವಿರೋಧವೋ ಎಂಬುದು ಇದರಿಂದ ಹೆಂಡತಿಗೆ ತಿಳಿಯಲಿಲ್ಲ. "ಆ ತಾಯಂದಿರು ಅಂದಾಗ ಹಲ್ಲು ಕಚ್ಚಿ ಅಂದ್ರು," ಎಂದು ಅವಳು ಈಗಲೂ ಹೇಳುತ್ತಾಳೆ.

ಭಾನುವಾರ ಬಂತು. ಸಬ್ ಇನ್ಸ್‌ಪೆಕ್ಟರು ಸಾದಾ ಷರಟು ಪ್ಯಾಂಟಿನಲ್ಲಿ ಬಂದು, ಬೂಟು ಬಿಚ್ಚಿ, ಗಂಡಸರ ಕಡೆ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಗೇಟಿನಾಚೆ ನಾಲ್ಕಾರು ಜನ ನಿಂತಿದ್ದರು, ಟೀ ಅಂಗಡಿಯವನೂ ಇದ್ದ. ಕಾಗದದ ತೋರಣ ಹಿಂದಿನ ವಾರದ್ದೇ ಇತ್ತು, ಸೆಕೆಗೆ ಜೋತುಬಿದ್ದಿತ್ತು. ಆಂಪ್ಲಿಫೈಯರ್ ಇದ್ದ ಮೂಲೆಯಲ್ಲಿ ಕಾರ್ಯದರ್ಶಿ ಕೂತಿದ್ದರು. ಸ್ವಿಚ್ಚು ಅವರ ಮಗ್ಗುಲಲ್ಲೇ. ಒಳಗೆ ಬೇರೆ ಸ್ಪೀಕರ್ ಇರಲಿಲ್ಲ. ಮೈಕಿನ ತಂತಿ ನೇರ ಹಾರ್ನಿಗೆ ಹೋಗುತ್ತಿತ್ತು.

ಅಯ್ಯಗಾರು ಹೆಸರುಗಳನ್ನು ಹೇಳುತ್ತ ಬಂದರು. ಪೆದ್ದಮ್ಮನ ಮಗನ ಹೆಸರೂ ಆಯಿತು. ಕೊನೆಯದು ಬಾಕಿ. ಅಲ್ಲಿ ನಿಂತರು. ಕಣ್ಣು ತೆರೆದು, ಬಲಗಿವಿಯನ್ನು ಹೆಂಗಸರ ಕಡೆ ಮಾಡಿ ನಿಂತರು. ಆಗ ಯಾರೋ ಕೆಮ್ಮಿದರು ಎಂದು ಬರೆಯಬೇಕೆನ್ನಿಸುತ್ತದೆ. ಬರೆಯುವುದಿಲ್ಲ.

ಕಾರ್ಯದರ್ಶಿ ಎದ್ದು ಮೈಕನ್ನು ತಂತಿ ಸಮೇತ ಎತ್ತಿಕೊಂಡು ಬಂದು ಪೆದ್ದಮ್ಮನ ಮುಂದೆ ಚಾಪೆಯ ಮೇಲೆ ಇಟ್ಟರು. ಇದು ಇಬ್ಬರಿಗೂ ನೆನಪಿದೆ. ತಿರುಗಿಹೋಗಿ ಸ್ವಿಚ್ಚಿನ ಹತ್ತಿರ ಕೂತರು. ಕೈ ಏನು ಮಾಡಿತೋ ಯಾರೂ ನೋಡಲಿಲ್ಲ. ಎಲ್ಲರೂ ಪೆದ್ದಮ್ಮನನ್ನು ನೋಡುತ್ತಿದ್ದೆವು.

ಅವರು ಮೊದಲು ಮಗನ ಹೆಸರು ಹೇಳಿದರು. ಅವನಿಗೆ ಚಳಿ ಆಗದು, ಚಿಕ್ಕಂದಿನಿಂದ ಮೂಗು ಕಟ್ಟುತ್ತದೆ ಎಂದು ದೇವರಿಗೆ ತಿಳಿಸಿದರು. ಆಮೇಲೆ ಆ ಇನ್ನೊಂದು ಹೆಸರು ಹೇಳಿದರು, ಸರಿಯಾಗಿ, ಅಯ್ಯಗಾರು ಹೇಳುವ ಹಾಗೇ.

"ಇವನಿಗೋಸ್ಕರ ಕೇಳೋಕೆ ನನಗಿಷ್ಟವಿಲ್ಲ ಪ್ರಭುವಾ. ಕೇಳು ಅಂದಿದ್ದೀಯ, ಕೇಳ್ತಿದ್ದೀನಿ. ಇವನ ಮಕ್ಕಳಿದ್ರೆ ಅವರನ್ನೂ ಮನೆಗೆ ಕಳಿಸು. ಮೊದಲು ನನ್ನವನನ್ನ ಕಳಿಸು."

ಆಮೇಲೆ ದನಿ ಇಳಿಯಿತು. ಇನ್ನೂ ಏನೋ ಹೇಳುತ್ತಿದ್ದರು. ತುಟಿ ಆಡುತ್ತಿದ್ದದ್ದು ನನ್ನ ಗೋಡೆಯಿಂದಲೂ ಕಾಣುತ್ತಿತ್ತು. ತುಟಿ ನಿಂತಾಗ ಆಮೆನ್ ಬಂತು, ಚದುರಿ ಚದುರಿ, ಒಬ್ಬೊಬ್ಬರಿಂದ. ಕಾರ್ಯದರ್ಶಿಯದು ಎಲ್ಲರಿಗಿಂತ ತಡವಾಗಿ ಬಂತು.

ಹಾರ್ನ್ ಇತ್ತೆಂದುಕೊಂಡು ಬರೆದರೆ ಹೀಗಾಗುತ್ತದೆ: ಮಗ ಬದುಕಿದ್ದಾನೋ ಇಲ್ಲವೋ ತಿಳಿಯದ ಹೆಂಗಸೊಬ್ಬಳು ಬಜಾರಿಗೆಲ್ಲ ಕೇಳುವಂತೆ ಆ ಹೆಸರು ಹೇಳಿದಳು. ಪಾಸು ಓದಿಸಿಕೊಂಡ ಕಾರ್ಯದರ್ಶಿ ಹೆದರಿಕೆ ನುಂಗಿ ಸ್ವಿಚ್ಚನ್ನು ಹಾಗೇ ಬಿಟ್ಟರು. ಇರಲಿಲ್ಲವೆಂದುಕೊಂಡು ಬರೆದರೆ: ಮೈಕು ಇಟ್ಟಂತೆ ಮಾಡಿ, ಆಕೆ ಏನಂದರೂ ಹೊರಗೆ ಹೋಗದಿರಲೆಂದು ಕಾರ್ಯದರ್ಶಿ ಸ್ವಿಚ್ಚು ತೆಗೆದರು. ಹೊರಗೆ ಹೋಗುತ್ತ ಇದೆಯೆಂದೇ ತಿಳಿದು ಆಕೆ ಹೇಳಿದಳು. ಎರಡರಲ್ಲೂ ಪೆದ್ದಮ್ಮ ಅದೇ ಪೆದ್ದಮ್ಮ. ಕಾರ್ಯದರ್ಶಿ ಮಾತ್ರ ಬೇರೆ ಬೇರೆ ಮನುಷ್ಯ. ಇಬ್ಬರೂ ನನಗೆ ಇಷ್ಟವೇ.

ಸಾಕ್ಷಿಗಳನ್ನು ನೋಡೋಣವೆಂದರೆ ಅವೂ ಆಟ ಆಡುತ್ತವೆ. ಸಬ್ ಇನ್ಸ್‌ಪೆಕ್ಟರು ಬೂಟಿನ ಲೇಸು ಕಟ್ಟುತ್ತ, ತಲೆಯೆತ್ತದೆ, "ನನಗೇನೂ ಕೇಳಿಸಲಿಲ್ಲ," ಅಂದರು. ಒಳಗೇ ಕೂತಿದ್ದವರು ಹಾಗಂದದ್ದರಿಂದ ಅದು ಹಾರ್ನಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಟೀ ಅಂಗಡಿಯವನು ಮಾರನೆಯ ದಿನದಿಂದ ಪೆದ್ದಮ್ಮನ ಹಾಲಿನ ಪಾಕೀಟನ್ನು ತಾನೇ ಬಂದು ಬಾಗಿಲಿಗೆ ಇಟ್ಟುಹೋಗತೊಡಗಿದ. ಅವನು ಕೇಳಿಸಿಕೊಂಡಿದ್ದಾನೆ ಎಂದು ನಾನು. ಪೆದ್ದಮ್ಮನ ಮೊಣಕಾಲು ನೋವು ಆಗಲೇ ಶುರುವಾದದ್ದು ಎಂದು ಹೆಂಡತಿ. ಕಲ್ಲು ಯಾರೂ ಎಸೆಯಲಿಲ್ಲ. ಅಯ್ಯಗಾರನ್ನು ವರ್ಗ ಮಾಡಲಿಲ್ಲ. ಹೆಸರು ಮುಂದಿನ ಭಾನುವಾರವೂ ಬಂತು, ಆ ಸಲ ಹಾರ್ನಿರಲಿಲ್ಲವೆಂಬುದು ಖಂಡಿತ. ತೋರಣ ಆಗಸ್ಟ್ ತನಕ ಹಾಗೇ ಇತ್ತು.

ಮಗ ಬಂದ. ಯುದ್ಧ ಮುಗಿದ ಮೇಲೆ ಬಹಳ ತಿಂಗಳು ಕಳೆದು ರಜೆಯಲ್ಲಿ ಬಂದ. ಬಲಗಾಲಿನ ಬೆರಳುಗಳು ಹಿಮಕ್ಕೆ ಹೋಗಿದ್ದವು. ಚರ್ಚಿಗೆ ಬಂದು ಗೋಡೆಗೆ, ನನ್ನ ಪಕ್ಕದಲ್ಲಿ, ಒರಗಿ ಉಪದೇಶದುದ್ದಕ್ಕೂ ನಿದ್ದೆ ಮಾಡಿದ. ಹಾಜರಿಯ ಹೊತ್ತಿಗೆ ಎಚ್ಚರವಾಗಿ, ಕೊನೆಯ ಹೆಸರಿಗೆ ಎಲ್ಲರಂತೆ ಆಮೆನ್ ಅಂದ. ಅದು ಯಾರ ಹೆಸರೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನು ಕೇಳಲೂ ಇಲ್ಲ. ಪದ್ಧತಿ ಅಷ್ಟರಲ್ಲಿ ತನ್ನ ಜಾಗಕ್ಕೆ ಮರಳಿತ್ತು. ಅವನು ಬಂದದ್ದರಿಂದ ನನಗೆ ಇದನ್ನು ಬರೆಯುವುದು ಸುಲಭವಾಗಿದೆ. ಬಾರದಿದ್ದರೆ "ಮೊದಲು ನನ್ನವನನ್ನ ಕಳಿಸು" ಎಂಬ ಮಾತನ್ನು ನಾನು ನೆನಪಿಟ್ಟುಕೊಳ್ಳುತ್ತಿದ್ದೆನೋ, ಮರೆಯುತ್ತಿದ್ದೆನೋ. ಬಂದ ಮಗನನ್ನು ನೋಡಿಕೊಂಡು ಹಿಂದಕ್ಕೆ ಹೋಗಿ ಆ ಪ್ರಾರ್ಥನೆಯನ್ನು ತಿದ್ದಿದ್ದೇನೆಯೇ ಎಂಬ ಪ್ರಶ್ನೆಯೂ ಇದೆ.

ನಮಗೆ ವರ್ಗವಾದಾಗ ಕಾರ್ಯದರ್ಶಿ ದುವ್ವಾಡ ಸ್ಟೇಷನ್ನಿಗೆ ಬಂದಿದ್ದರು. ಗಾಡಿ ತಡವಾಗಿತ್ತು. ಸೂಟ್‌ಕೇಸುಗಳ ಮೇಲೆ ಕೂತು ಕೇಳಿಯೇಬಿಟ್ಟೆ: ಅವತ್ತು ಪೆದ್ದಮ್ಮನ ಮುಂದೆ ಮೈಕು ಇಟ್ಟಿರಲ್ಲ, ಹಾರ್ನ್ ಹಾಕಿತ್ತಾ?

ಅವರು ಹಳಿಗಳ ಕಡೆ ನೋಡಿದರು. ನಿಜವಾಗಿಯೂ ಯೋಚಿಸುತ್ತಿರುವಂತೆ ಕಂಡಿತು.

"ಅವತ್ತು ಕರೆಂಟ್ ಇತ್ತಾ ಮ್ಯಾನೇಜರ್ ಗಾರೂ?"

ಇತ್ತೇ? ಆ ಬೇಸಿಗೆಯಲ್ಲಿ ಕರೆಂಟು ಬೇಕಾದ ಹಾಗೆ ಹೋಗುತ್ತಿತ್ತು. ಸೆಕೆ ಇತ್ತೆಂದು ನೆನಪಿದೆ. ಫ್ಯಾನ್ ತಿರುಗುತ್ತಿತ್ತೇ ಎಂಬುದು ನೆನಪಿಲ್ಲ. ತೋರಣ ಜೋತುಬಿದ್ದಿತ್ತು ಎಂದು ಮೇಲೆ ಬರೆದಿದ್ದೇನೆ. ಫ್ಯಾನ್ ಇದ್ದಿದ್ದರೆ ಕಾಗದ ಅಲುಗಾಡಬೇಕಿತ್ತು. ಆದರೆ ಜೋತುಬಿದ್ದ ತೋರಣ ಬೇರೆ ದಿನದ್ದೂ ಇರಬಹುದು.

ಪೆದ್ದಮ್ಮ ಈಗಿಲ್ಲ. ದನಿ ಇಳಿಸಿ ಅವರು ಕೊನೆಗೆ ಏನು ಕೇಳಿಕೊಂಡರೆಂದು ನನಗೆ ಗೊತ್ತಿಲ್ಲ. ಅವರ ಪಕ್ಕದಲ್ಲೇ ಕೂತಿದ್ದ ಹೆಂಡತಿಗೂ ಕೇಳಿಸಲಿಲ್ಲ. ಮೈಕು ಅವರ ಬಾಯಿಗೆ ನಮ್ಮೆಲ್ಲರಿಗಿಂತ ಹತ್ತಿರವಿತ್ತು. ಹಾರ್ನ್ ಹಾಕಿದ್ದರೆ ಹೊರಗೆ ನಿಂತವರಿಗೆ ಅದು ಕೇಳಿಸಿರಬಹುದು. ಅವರಲ್ಲಿ ಯಾರನ್ನೂ ನಾನು ಕೇಳಲಿಲ್ಲ.